ಅಪ್ಪನ ನೋಟ್‌ಬುಕ್, ನನ್ನ ಲಾಗ್‌ಬುಕ್

ಹೋದ ತಿಂಗಳು ಒಂದೇ ವಾರದಲ್ಲಿ ನನಗೆ ಎರಡು ಮೇಲ್ ಬಂದವು. ಮೊದಲನೆಯದು ಕೊಲ್ಲಿಯ ಒಂದು ದೊಡ್ಡ ಏರ್‌ಲೈನ್‌ನದು. ಬೋಯಿಂಗ್ 777ರಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್ ಕೆಲಸ, ಇರಲು ಮನೆ, ಮಗಳ ಸ್ಕೂಲ್ ಫೀಸು, ವರ್ಷಕ್ಕೊಮ್ಮೆ ಊರಿಗೆ ಬರಲು ಎಲ್ಲರಿಗೂ ಟಿಕೆಟ್. ಎರಡನೆಯದು ಈಗ ನಾನಿರುವ ಕಂಪನಿಯದು. ಎ320 ವಿಮಾನದ ಕಮಾಂಡ್ ತರಬೇತಿಯ ಮುಂದಿನ ಬ್ಯಾಚಿನಲ್ಲಿ ನನ್ನ ಹೆಸರಿತ್ತು. ಅಂದರೆ ಕ್ಯಾಪ್ಟನ್ ಆಗುವ ದಾರಿ, ಕಾಕ್‌ಪಿಟ್‌ನ ಎಡಗಡೆ ಸೀಟು, ಭುಜದ ಮೇಲೆ ನಾಲ್ಕು ಪಟ್ಟಿ.

ಎರಡಕ್ಕೂ ಮೂರು ವಾರದೊಳಗೆ ಉತ್ತರ ಹೇಳಬೇಕಿತ್ತು. ನನಗೆ ಈಗ 33. ಹಾರಿದ್ದು 3,900 ಗಂಟೆ. ಗಂಡನದು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್, 11 ಜನ ಕೆಲಸದವರು. ಮಗಳಿಗೆ ನಾಲ್ಕು ವರ್ಷ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರಿಲ್ಲದಿದ್ದರೆ ನಾನು ಈ ಕೆಲಸ ಮಾಡಲು ಸಾಧ್ಯವೇ ಇರಲಿಲ್ಲ.

ಜೂನಿಯರ್ ಹುಡುಗ ಹುಡುಗಿಯರು ತುಂಬ ಜನ ನನ್ನನ್ನು ಕೇಳುತ್ತಾರೆ, "ಮೇಡಂ, ಇಲ್ಲೇ ಇರೋದಾ, ಹೊರಗೆ ಹೋಗೋದಾ?" ಎಲ್ಲರೂ ಮೊದಲು ಹೇಳುವುದು ಸಂಬಳದ ಮಾತು. ನಾನೂ ಅಲ್ಲಿಂದಲೇ ಶುರು ಮಾಡಿದೆ.

ಲೆಕ್ಕ ಹಾಕುವಾಗ ನಾವು ಮಾಡುವ ತಪ್ಪು ಒಂದಿದೆ. ಇವತ್ತಿನ ನಮ್ಮ ಕೋ-ಪೈಲಟ್ ಸಂಬಳವನ್ನು ಅಲ್ಲಿನ ಸಂಬಳದ ಪಕ್ಕ ಇಡುತ್ತೇವೆ. ಹಾಗೆ ಇಟ್ಟರೆ ಅಲ್ಲಿನದು ಬೆಟ್ಟದಷ್ಟು ಕಾಣುತ್ತದೆ. ಅಲ್ಲಿ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಇಲ್ಲಿ ನಾವು 30 ಪರ್ಸೆಂಟಿನ ಸ್ಲ್ಯಾಬಿನಲ್ಲಿದ್ದೇವೆ. ಆದರೆ ನಾನು ಇಲ್ಲೇ ಉಳಿದರೆ ಇನ್ನೊಂದು ವರ್ಷದಲ್ಲಿ ಕ್ಯಾಪ್ಟನ್. ಇಲ್ಲಿನ ಕ್ಯಾಪ್ಟನ್ ಸಂಬಳವನ್ನು ಅಲ್ಲಿನ ಕೋ-ಪೈಲಟ್ ಸಂಬಳದ ಪಕ್ಕ ಇಟ್ಟು ನೋಡಿದೆ. ಕೈಗೆ ಬರುವ ದುಡ್ಡಿನಲ್ಲಿ ಅಂತರ ಇದೆ, ಆದರೆ ಮನೆ ಬಿಟ್ಟು ಹೋಗುವಷ್ಟಿಲ್ಲ. ಇನ್ನು ಮನೆ ಬಾಡಿಗೆ, ಸ್ಕೂಲ್ ಫೀಸು ಅವರು ಕೊಡುವುದು ಕುಟುಂಬ ಅಲ್ಲಿಗೆ ಹೋದರೆ ತಾನೆ? ಪೀಣ್ಯದ ವರ್ಕ್‌ಶಾಪನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಲು ಆಗುವುದಿಲ್ಲ.

ಸೀನಿಯಾರಿಟಿ ಇನ್ನೊಂದು ವಿಷಯ. ನಮ್ಮ ವೃತ್ತಿಯಲ್ಲಿ ಅದು ಜೊತೆಗೆ ಬರುವುದಿಲ್ಲ. ಇಲ್ಲಿ ಎಷ್ಟೇ ವರ್ಷ ಮಾಡಿರಲಿ, ಅಲ್ಲಿಗೆ ಹೋದ ದಿನ ಪಟ್ಟಿಯ ಕೊನೆಯ ಹೆಸರು ನಿಮ್ಮದು. ಅಲ್ಲಿ ಕಮಾಂಡ್‌ಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಅದೇ ಇಲ್ಲಿ ಕ್ಯಾಪ್ಟನ್ ಆಗಿ ಒಂದಷ್ಟು ಸಾವಿರ ಗಂಟೆ ಹಾರಿದರೆ, ಮುಂದೆ ಹೊರಗೆ ನೇರವಾಗಿ ಕ್ಯಾಪ್ಟನ್ ಆಗಿಯೇ ಸೇರುವ ದಾರಿಯೂ ಇರುತ್ತದೆ. ಹೋಗುವುದಾದರೆ ಯಾವಾಗ ಹೋಗುತ್ತೇವೆ ಅನ್ನುವುದು, ಹೋಗುತ್ತೇವೋ ಇಲ್ಲವೋ ಅನ್ನುವಷ್ಟೇ ದೊಡ್ಡದು. ಆದರೆ ಒಂದು ನೆನಪಿರಲಿ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ 2017ರ ನಿಯಮದ ಪ್ರಕಾರ ಕೋ-ಪೈಲಟ್ ಬಿಡಲು 6 ತಿಂಗಳ ನೋಟಿಸ್ ಕೊಡಬೇಕು. ಕ್ಯಾಪ್ಟನ್ ಆದರೆ ಪೂರ್ತಿ ಒಂದು ವರ್ಷ. ಹೊರಗಿನವರು ಒಂದು ವರ್ಷ ಯಾರಿಗಾಗಿ ಕಾಯುತ್ತಾರೆ?

ಕೆಲಸದ ಭದ್ರತೆಯ ವಿಷಯದಲ್ಲಿ ಎರಡೂ ಕಡೆ ಗ್ಯಾರಂಟಿ ಇಲ್ಲ. ಇಲ್ಲಿ 2012ರಲ್ಲಿ ಕಿಂಗ್‌ಫಿಶರ್ ನಿಂತಿತು, 2019ರ ಏಪ್ರಿಲ್‌ನಲ್ಲಿ ಜೆಟ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಹೊರಗೆ ಕೋವಿಡ್ ಬಂದಾಗ ಕೆಲಸ ಹೋದವರಿಗೆ ಸಂಬಳದ ಜೊತೆ ವೀಸಾವೂ ಹೋಯಿತು. ನನ್ನ ಸೀನಿಯರ್ ಒಬ್ಬರು ಮಕ್ಕಳ ಪರೀಕ್ಷೆ ಮುಗಿಯುವ ಮೊದಲೇ ಫ್ರಿಜ್ಜು, ಸೋಫಾ, ಕಾರು ಎಲ್ಲ ಸಿಕ್ಕಿದ ಬೆಲೆಗೆ ಮಾರಿ ಬಂದರು. ಈಗಿನ ಪರಿಸ್ಥಿತಿ ಬೇರೆ. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟಿವೆ. ಅಷ್ಟು ವಿಮಾನ ಹಾರಿಸಲು ಕ್ಯಾಪ್ಟನ್‌ಗಳು ಬೇಕೇ ಬೇಕು ಅಲ್ವಾ? ದೊಡ್ಡ ವಿಮಾನದ ಆಸೆ ಇರುವವರೂ ಈಗ ದೇಶ ಬಿಡಲೇಬೇಕು ಅಂತಿಲ್ಲ. ಏರ್ ಇಂಡಿಯಾದಲ್ಲಿ ಎ350 ಬಂದಾಗಿದೆ.

ಇಷ್ಟೆಲ್ಲ ಎಕ್ಸೆಲ್‌ನಲ್ಲಿ ಬರೆದು, ಎರಡು ದಿನ ರಜೆ ಸಿಕ್ಕಾಗ ಬ್ರಹ್ಮಾವರಕ್ಕೆ ಹೋದೆ. ಅಪ್ಪನಿಗೆ ಎಲ್ಲ ಹೇಳಿದೆ.

ಅಪ್ಪ 18 ವರ್ಷ ಮಸ್ಕತ್‌ನಲ್ಲಿದ್ದವರು. ರುವಿಯಲ್ಲಿ ಏಸಿ ಮೆಕ್ಯಾನಿಕ್. 1990ರಲ್ಲಿ ಹೋದವರು 2008ರಲ್ಲಿ ಪೂರ್ತಿ ವಾಪಸ್ ಬಂದರು. ನಮ್ಮ ಕಡೆ ಪ್ರತಿ ಎರಡನೇ ಮನೆಯಲ್ಲೂ ಹೀಗೆ ಒಬ್ಬರು ಹೋಗಿರುತ್ತಾರೆ. ಆಗೆಲ್ಲ ಬೊಂಬಾಯಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ವಿಮಾನ ಹತ್ತಬೇಕಿತ್ತು. ಕೊಂಕಣ ರೈಲು ಪೂರ್ತಿ ಆಗಿದ್ದೇ 1998ರಲ್ಲಿ. ನಾನು ಹುಟ್ಟಿದಾಗ ಅಪ್ಪ ಇರಲಿಲ್ಲ. ಅವರು ನನ್ನನ್ನು ಮೊದಲು ನೋಡಿದ್ದು ನನಗೆ 15 ತಿಂಗಳಾದಾಗ. ನಾನು ಅತ್ತು ಅಜ್ಜಿಯ ಹಿಂದೆ ಅಡಗಿಕೊಂಡೆನಂತೆ. ಇದನ್ನು ಅಮ್ಮ ಎಷ್ಟೋ ಸಲ ನಗುತ್ತಾ ಹೇಳಿದ್ದಾರೆ. ಅಪ್ಪ ಒಮ್ಮೆಯೂ ಹೇಳಿಲ್ಲ.

ನನ್ನ ಎಕ್ಸೆಲ್ ಶೀಟನ್ನು ಅಪ್ಪ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ಕೇಳಿದರು, "ದಿನದ ಲೆಕ್ಕ ಎಲ್ಲುಂಟು?"

"ಎಂತ ದಿನ ಅಪ್ಪ?"

ಅವರು ಎದ್ದು ಹೋಗಿ ಕಪಾಟಿನಿಂದ ಒಂದು ಸಣ್ಣ ನೋಟ್‌ಬುಕ್ ತಂದರು. ನಾನು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ರಟ್ಟಿನ ಹೊದಿಕೆ, ಮೂಲೆಗಳು ಸವೆದು ಹತ್ತಿಯ ಹಾಗಾಗಿದ್ದವು. ಮೊದಲ ಪುಟಗಳಲ್ಲಿ ಕಳಿಸಿದ ಡ್ರಾಫ್ಟ್‌ಗಳ ನಂಬರು. ಕೊನೆಯ ಪುಟದಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿದ ಮೂರು ಕಾಲಂ. ಬಂದದ್ದು, ಹೋದದ್ದು, ದಿನ. "3-4-96, 17-5-96, 45." ಹೀಗೆ ಎಂಟು ಸಾಲು. ಎಂಟು ರಜೆ. ಕೆಳಗೆ ಮೊತ್ತ: 403. ಅದರ ಪಕ್ಕ ಪೆನ್ಸಿಲ್‌ನಲ್ಲಿ ಇನ್ನೊಂದು ಸಂಖ್ಯೆ: 352. ಅದರ ಮುಂದೆ ನನ್ನ ಹೆಸರಿನ ಮೊದಲ ಅಕ್ಷರ.

ನಾನು ಹುಟ್ಟಿದ ಮೇಲಿನ ಏಳು ರಜೆಗಳ ದಿನಗಳು ಅವು. 15 ವರ್ಷದಲ್ಲಿ 352 ದಿನ. ಒಂದು ವರ್ಷ ಕೂಡ ತುಂಬುವುದಿಲ್ಲ.

ನನಗೆ ಮಾತೇ ಹೊರಡಲಿಲ್ಲ. ಅಪ್ಪ ಹೋಗಬೇಡ ಅನ್ನಲಿಲ್ಲ. "ಹೋಗುವುದು ತಪ್ಪಲ್ಲ. ನಾನು ಹೋಗದಿದ್ದರೆ ನೀನು ಪೈಲಟ್ ಆಗುತ್ತಿರಲಿಲ್ಲ. ಆದರೆ ಲೆಕ್ಕ ಇಡುವಾಗ ಎಲ್ಲವನ್ನೂ ಇಡು" ಅಂದರು. ಅದು ನಿಜ. ಒಮಾನಿನ ದುಡ್ಡಿನಲ್ಲಿ ಕೊಂಡ ಸೈಟನ್ನು ಮಾರಿಯೇ ನನ್ನ ಫ್ಲೈಯಿಂಗ್ ಫೀಸು ಕಟ್ಟಿದ್ದು. ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಬೇಕಾದ 200 ಗಂಟೆಗಳ ಹಾರಾಟದ ಒಂದೊಂದು ಗಂಟೆಯಲ್ಲೂ ಅಪ್ಪ ಮನೆಯಲ್ಲಿಲ್ಲದ ದಿನಗಳಿವೆ. ಪೈಲಟ್‌ಗಳ ಆರೋಗ್ಯ ತಪಾಸಣೆಯಾದ ಕ್ಲಾಸ್ ವನ್ ಮೆಡಿಕಲ್‌ಗೆ ಮೊದಲ ಸಲ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ಗೆ ಹೋದಾಗ ಅಪ್ಪನೂ ಬಂದಿದ್ದರು. ಇಡೀ ದಿನ ಹೊರಗೆ ಕಾದು ಕೂತಿದ್ದರು. ಊಟ ಮಾಡಿದ್ರಾ ಅಂತ ಕೇಳಿದರೆ, "ನಿನ್ನದು ಆಗಲಿ ಅಂತ ಕಾದೆ" ಅಂದಿದ್ದರು.

ಬೆಂಗಳೂರಿಗೆ ವಾಪಸ್ ಬಂದು ನಾನೂ ಕೂತೆ. ಲಾಗ್‌ಬುಕ್ ಮತ್ತು ಕಳೆದ ಒಂದು ವರ್ಷದ ರೋಸ್ಟರ್‌ಗಳನ್ನು, ಅಂದರೆ ಡ್ಯೂಟಿ ಪಟ್ಟಿಗಳನ್ನು, ಹರಡಿಕೊಂಡೆ. ಮಗಳನ್ನು ನಾನೇ ಮಲಗಿಸಿದ ರಾತ್ರಿಗಳನ್ನು ಎಣಿಸಿದೆ. 163.

ಇದನ್ನು ಬರೆಯಲು ಕಷ್ಟವಾಗುತ್ತದೆ. ಆದರೂ ಬರೆಯುತ್ತೇನೆ. ಇಲ್ಲೇ ಇದ್ದರೆ ಮನೆಯಲ್ಲಿರುತ್ತೇವೆ ಅನ್ನುವುದು ಪೂರ್ತಿ ನಿಜವಲ್ಲ. ಬೆಳಗಿನ ಜಾವ 4.10ಕ್ಕೆ ರಿಪೋರ್ಟಿಂಗ್ ಇದ್ದರೆ ವಿಜಯನಗರದ ನಮ್ಮ ಮನೆಗೆ 2.30ಕ್ಕೆ ಕ್ಯಾಬ್ ಬರುತ್ತದೆ. ಹಿಂದಿನ ದಿನ ಸಂಜೆ 6ಕ್ಕೇ ಬಾಗಿಲು ಹಾಕಿಕೊಂಡು ಮಲಗಬೇಕು. ಮಗಳು ಹೊರಗೆ ಬಾಗಿಲಿಗೆ ಒರಗಿ ಕೂತು ಆಡುತ್ತಿರುತ್ತಾಳೆ. ಅವಳ ಬಳೆಯ ಸದ್ದು ಕೇಳುತ್ತಿರುತ್ತದೆ. ಆ ರಾತ್ರಿ ನಾನು ಮನೆಯಲ್ಲೇ ಇದ್ದೆ ಅಂತ ಹೇಳಬಹುದೇ? ನಾನು ಅದನ್ನು ಎಣಿಸಲಿಲ್ಲ.

ಇಲ್ಲಿನ ಕೆಲಸ ಜಾಸ್ತಿ ದಣಿಸುತ್ತದೆ. ದಿನಕ್ಕೆ ನಾಲ್ಕು ಸೆಕ್ಟರ್, ನಾಲ್ಕು ಟೇಕಾಫ್, ನಾಲ್ಕು ಲ್ಯಾಂಡಿಂಗ್. 2025ರಲ್ಲಿ ಹೊಸ ಡ್ಯೂಟಿ ನಿಯಮ ಬಂದ ಮೇಲೆ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿದೆ. ನಮಗೆ ಅದು ಸಣ್ಣ ವಿಷಯವಲ್ಲ. ಎರಡು ರಾತ್ರಿ ನೆಟ್ಟಗೆ ಮಲಗಿದ ದಿನ ಮಗಳ ಪ್ರಶ್ನೆಗಳಿಗೆ ನಾನು ಸಿಡಿಮಿಡಿಗೊಳ್ಳುವುದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಸಾವಿರಾರು ವಿಮಾನ ರದ್ದಾದಾಗ ಟಿವಿಯಲ್ಲಿ ಕೆಲವರು ಈ ನಿಯಮಗಳನ್ನೇ ಬೈದರು. ನನಗೆ ತುಂಬ ನೋವಾಯಿತು. ದಣಿದ ಪೈಲಟ್ ಹಾರಿಸುವ ವಿಮಾನದಲ್ಲಿ ಕೂರುವವರು ಅವರೇ ಅಲ್ವಾ?

ಕೊಲ್ಲಿಯ ರೋಸ್ಟರ್ ಬೇರೆ ಥರ. ಒಂದೊಂದು ಹಾರಾಟವೂ ದೀರ್ಘ, ಆಮೇಲೆ ರಜೆ ಒಟ್ಟಿಗೆ ಸಿಗುತ್ತದೆ. ದುಬೈಯಿಂದ ಬೆಂಗಳೂರಿಗೆ ನಾಲ್ಕು ಗಂಟೆಯ ದಾರಿ, ಗಡಿಯಾರದಲ್ಲಿ ಒಂದೂವರೆ ಗಂಟೆಯ ವ್ಯತ್ಯಾಸ. ಅಪ್ಪನ ಕಾಲದ ಹಾಗೆ ಎರಡು ವರ್ಷ ಕಾಯಬೇಕಾಗಿಲ್ಲ. ಆ ಕಂಪನಿಯಲ್ಲಿರುವ ಗೆಳತಿಯ ಮಾದರಿ ರೋಸ್ಟರ್ ತರಿಸಿ ಅದನ್ನೂ ಎಣಿಸಿದೆ. ಕುಟುಂಬ ಇಲ್ಲೇ ಇದ್ದು ನಾನೊಬ್ಬಳೇ ಓಡಾಡಿದರೆ, ಮಗಳನ್ನು ಮಲಗಿಸುವ ರಾತ್ರಿಗಳು ಎಷ್ಟೇ ಧಾರಾಳವಾಗಿ ಎಣಿಸಿದರೂ ವರ್ಷಕ್ಕೆ 80 ದಾಟಲಿಲ್ಲ. ಅದೂ ಸೀಟು ಸಿಕ್ಕರೆ.

ಗಂಡ ಹೇಳಿದರು, "ವರ್ಕ್‌ಶಾಪ್ ತಮ್ಮನಿಗೆ ಬಿಟ್ಟು ಬರ್ತೀನಿ, ನೀನು ಹೂಂ ಅನ್ನು." ಅವರು ನಿಜವಾಗಿಯೂ ಬರುತ್ತಿದ್ದರು. ಅದು ಗೊತ್ತಿದ್ದೇ ಹೂಂ ಅನ್ನಲು ಮನಸ್ಸು ಬರಲಿಲ್ಲ. ಆ ಶೆಡ್ಡಿನ ಮೊದಲ ಲೇತ್ ಮೆಷಿನ್ನನ್ನು ಅವರು ಸೆಕೆಂಡ್ ಹ್ಯಾಂಡ್ ಕೊಂಡು, ಮೂರು ತಿಂಗಳು ತಾವೇ ರಿಪೇರಿ ಮಾಡಿ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ.

ಮತ್ತೊಂದು ಕಾರಣ ಇದೆ. ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಂ ಇಲ್ಲ.

ಮಂಗಳೂರಿನ ಬಜ್ಪೆ ನನ್ನ ಊರಿಗೆ ಹತ್ತಿರದ ವಿಮಾನ ನಿಲ್ದಾಣ. ಗುಡ್ಡದ ನೆತ್ತಿಯ ಮೇಲಿನ ಟೇಬಲ್‌ಟಾಪ್ ರನ್‌ವೇ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಅಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು 8 ಮಂದಿ. ರಜೆಗೆ ಬರುತ್ತಿದ್ದವರು, ಅಪ್ಪನ ಹಾಗೆ ಯಾರದೋ ಮನೆಯಲ್ಲಿ ಮಕ್ಕಳು ಕಾಯುತ್ತಿದ್ದವರು. ನನಗಾಗ 17. ಅಪ್ಪ ಆ ಇಡೀ ದಿನ ಟಿವಿ ಮುಂದಿನಿಂದ ಏಳಲಿಲ್ಲ. ನಾನು ಪೈಲಟ್ ಆಗುತ್ತೇನೆ ಅಂತ ಗಟ್ಟಿಯಾಗಿ ಹೇಳಿದ್ದು ಆ ವರ್ಷವೇ.

ಬಜ್ಪೆಗೆ ನಾನು ಕೋ-ಪೈಲಟ್ ಆಗಿ ಎಷ್ಟೋ ಸಲ ಹೋಗಿದ್ದೇನೆ. ಹೇಮಾವತಿಯ ಹಿನ್ನೀರು ದಾಟಿ, ಘಟ್ಟದ ಅಂಚು ಮುಗಿದು, ದೂರದಲ್ಲಿ ಸಮುದ್ರ ಕಂಡಾಗ ಎದೆಯಲ್ಲಿ ಏನೋ ಆಗುತ್ತದೆ. ಕ್ಯಾಪ್ಟನ್ ಒಪ್ಪಿದರೆ ಕನ್ನಡದಲ್ಲಿ ಅನೌನ್ಸ್ ಮಾಡುತ್ತೇನೆ. ಒಮ್ಮೆ ಇಳಿಯುವಾಗ ಅಜ್ಜಿಯೊಬ್ಬರು ಕಾಕ್‌ಪಿಟ್ ಬಾಗಿಲ ಹತ್ತಿರ ನಿಂತು, "ಮಾತಾಡಿದ್ದು ನೀನಾ ಮಗಾ?" ಅಂತ ನನ್ನ ಕೆನ್ನೆ ಸವರಿ ಹೋದರು. ಆದರೆ ಅಲ್ಲಿ ವಿಮಾನ ಇಳಿಸುವವಳು ನಾನಲ್ಲ. ಆ ರನ್‌ವೇಯಲ್ಲಿ ಟೇಕಾಫ್, ಲ್ಯಾಂಡಿಂಗ್ ಎರಡನ್ನೂ ಕ್ಯಾಪ್ಟನ್ನೇ ಮಾಡಬೇಕು. ನಾನು ವೇಗ, ಎತ್ತರ ನೋಡುತ್ತಾ, ಹೇಳಬೇಕಾದ್ದನ್ನು ಹೇಳುತ್ತಾ ಪಕ್ಕದಲ್ಲಿ ಕೂತಿರುತ್ತೇನೆ. 777ರ ಬಲಗಡೆ ಸೀಟಿಗೆ ಹೋದರೆ ಲಂಡನ್, ಸಿಡ್ನಿ ಎಲ್ಲ ನೋಡಬಹುದು. ಬಜ್ಪೆಯಲ್ಲಿ ಮಾತ್ರ ಇಳಿಸಲು ಆಗುವುದಿಲ್ಲ.

ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಕೊಲ್ಲಿಯವರಿಗೆ ಬರುವುದಿಲ್ಲ ಅಂತ ಬರೆದೆ. ಅವರು ಒಳ್ಳೆಯ ರೀತಿಯಲ್ಲೇ ಉತ್ತರಿಸಿದರು. ಐದಾರು ವರ್ಷ ಕಳೆದು, ಮಗಳು ದೊಡ್ಡವಳಾದ ಮೇಲೆ, ನಾನೇ ಅವರಿಗೆ ಮತ್ತೆ ಬರೆದರೂ ಬರೆದೇನು. ನನ್ನ ಬ್ಯಾಚಿನ ಇಬ್ಬರು ಈ ವರ್ಷ ಹೊರಡುತ್ತಿದ್ದಾರೆ. ಒಬ್ಬನ ತಲೆಯ ಮೇಲೆ 60 ಲಕ್ಷ ಸಾಲವಿದೆ, ಮದುವೆ ಆಗಿಲ್ಲ. ಅವನು ಹೋಗುವುದೇ ಸರಿ. ಅವನ ಲೆಕ್ಕ ಬೇರೆ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಾಗಾದ್ರೆ ಬಜ್ಪೆಯಲ್ಲಿ ಯಾವಾಗ ಇಳಿಸ್ತಿ?"

ಮೊದಲು ಸಿಮ್ಯುಲೇಟರ್, ಆಮೇಲೆ ಟ್ರೇನರ್ ಜೊತೆ ಹಾರಾಟ, ಕೊನೆಗೆ ರೂಟ್ ಚೆಕ್ ಅಂತ ವಿವರಿಸಿದೆ. ಕಮಾಂಡ್ ಸಿಕ್ಕಿದ ಕೂಡಲೇ ಬಜ್ಪೆಗೆ ಬಿಡುವುದಿಲ್ಲ, ಅದಕ್ಕೆ ಬೇರೆ ತರಬೇತಿ ಇದೆ, ಹೊಸಬರನ್ನು ಮಳೆಗಾಲದಲ್ಲಿ ಅಲ್ಲಿಗೆ ಹಾಕುವುದೂ ಇಲ್ಲ ಅಂದೆ. "ದೀಪಾವಳಿ ಕಳೀಬೇಕು ಅಪ್ಪ."

"ಅಡ್ಡಿಲ್ಲ" ಅಂದರು. "ಡೇಟ್ ಮಾತ್ರ ಮೊದಲೇ ಹೇಳು. ನಾವು ಬೆಂಗಳೂರಿಗೆ ಬಂದು ಅದೇ ವಿಮಾನ ಹತ್ತುತ್ತೇವೆ. ಅಮ್ಮನಿಗೆ ಕಿಟಕಿ ಸೀಟೇ ಆಗಬೇಕಂತೆ."