ಪುರದ ಸಗಣಿ ಕರೆಂಟು

1991ರ ಫೆಬ್ರುವರಿ. ಕೆಂಪು ಬಸ್ಸಿನಲ್ಲಿ ಬೆಂಗಳೂರು ಬಿಟ್ಟು ಕುಣಿಗಲ್‌ನಲ್ಲಿ ಇಳಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಒಂದಷ್ಟು ನಡಿಗೆ. ಎರಡೂ ಕಡೆ ರಾಗಿ ಕೊಯ್ದ ಹೊಲ, ನಡುನಡುವೆ ತೆಂಗು. ಆಗಿನ್ನೂ ಓದುತ್ತಿದ್ದೆ. ಸಗಣಿಯಿಂದ ಕರೆಂಟು ಮಾಡುವ ಊರೊಂದಿದೆ ಅಂತ ಕೇಳಿದ್ದೆ. ಕಣ್ಣಾರೆ ನೋಡದೆ ಸಮಾಧಾನ ಇರಲಿಲ್ಲ.

ಪುರ ಆಗ ಸುಮಾರು 90 ಮನೆಗಳ ಊರು. ನಾನು ಹೋದಾಗ ಹೊತ್ತು ಮುಳುಗುತ್ತಿತ್ತು. ಶೆಡ್ಡಿನ ಕಡೆಯಿಂದ ಎಂಜಿನ್ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಮನೆಗಳಲ್ಲಿ ಟ್ಯೂಬ್‌ಲೈಟು ಹತ್ತಿತು. ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಬೆಳಕು ಬಂದ ಕೂಡಲೇ ಕೈ ಮುಗಿದರು. ದೀಪ ಹಚ್ಚಿದಾಗ ನಮ್ಮ ಮನೆಯಲ್ಲೂ ಹಾಗೇ ಅಲ್ವಾ!

ಶೆಡ್ಡಿನಲ್ಲಿ ಊರಿನದೇ ಹುಡುಗ. ಪಕ್ಕದಲ್ಲಿ ಗೋಬರ್ ಗ್ಯಾಸಿನ ಎರಡು ದೊಡ್ಡ ತೊಟ್ಟಿ, ಗ್ಯಾಸು ತುಂಬಿದಂತೆ ಮೇಲೇಳುವ ಡ್ರಮ್ಮು. ಗ್ಯಾಸು ಪೈಪಿನಲ್ಲಿ ಬಂದು ಗಾಳಿಯ ಜೊತೆ ಡೀಸೆಲ್ ಎಂಜಿನ್ನಿಗೆ ಹೋಗುತ್ತಿತ್ತು. ಈ ಗ್ಯಾಸು ಡೀಸೆಲ್ ಹಾಗೆ ಬರೀ ಒತ್ತಡಕ್ಕೆ ಹೊತ್ತಿಕೊಳ್ಳುವುದಿಲ್ಲ. ಹಾಗಾಗಿ ಚೂರು ಡೀಸೆಲ್ಲೂ ಬೇಕು. "ಕಿಡಿ ಡೀಸೆಲ್‌ದು ಅಣ್ಣ, ದುಡಿಯೋದೆಲ್ಲ ನಮ್ ಸಗಣೀನೇ" ಅಂದ. ಎಂಜಿನ್ನು 5 ಕೆವಿಎ ಜನರೇಟರನ್ನು ತಿರುಗಿಸುತ್ತಿತ್ತು. ಟ್ಯೂಬ್‌ಲೈಟಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು. ಲೆಕ್ಕವೆಲ್ಲ ಊರಿನ ಗ್ರಾಮ ವಿಕಾಸ ಸಭೆಯದು.

ಇದರ ಹಿಂದೆ ಇದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನ 'ಅಸ್ತ್ರ'. ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ವಿಭಾಗ ಅದು. ಮೊದಲು ಪುರದಲ್ಲಿ ಗ್ಯಾಸನ್ನು ಮನೆಮನೆಗೆ ಅಡುಗೆಗೆ ಕೊಡಬೇಕು ಅಂತಿದ್ದರು. ಎಲ್ಲರ ಒಲೆಗೂ ಸಾಲುವಷ್ಟು ಗ್ಯಾಸು ಹುಟ್ಟಲಿಲ್ಲ. ಆದರೂ ಅವರು ಊರು ಬಿಟ್ಟು ಹೋಗಲಿಲ್ಲ. ಇರುವ ಗ್ಯಾಸಿನಲ್ಲಿ ಎಲ್ಲರಿಗೂ ಸಲ್ಲುವಂಥದ್ದು ಏನು ಮಾಡಬಹುದು ಅಂತ ಜನರ ಜೊತೆ ಕೂತು ಯೋಚಿಸಿದರು. 1987ರಲ್ಲಿ ಅದೇ ಗ್ಯಾಸು ಬೆಳಕಾಯಿತು, ಕುಡಿಯುವ ನೀರೂ ಆಯಿತು. ಆ ಕರೆಂಟಿನಲ್ಲೇ ಕೊಳವೆ ಬಾವಿಯ ಪಂಪು ಓಡಿ ಬೀದಿಯ ನಲ್ಲಿಗೆ ನೀರು ಬರತೊಡಗಿತು.

ನೀರಿನ ಮಾತು ಎತ್ತಿದರೆ ಹೆಂಗಸರ ಮುಖವೇ ಬೇರೆ. "ಲೈಟು ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ನೀರು ಬಂತಲ್ಲಪ್ಪ, ಅದು ದೊಡ್ಡದು" ಅಂದರು ರಾತ್ರಿ ನನಗೆ ಮುದ್ದೆ ಬಡಿಸಿದ ತಾಯಿ. ನಾನು ಬರೀ ಲೈಟು ನೋಡಲು ಬಂದಿದ್ದೆ. ಬೆಳಗ್ಗೆ ನಲ್ಲಿಯ ಕೆಳಗಿನ ಬಿಂದಿಗೆ ಸಾಲು ನೋಡಿದಾಗ ಅವರ ಮಾತು ಅರ್ಥವಾಯಿತು.

ಪೂರ್ತಿ ಅರ್ಥವಾಗಿದ್ದು ಮಾತ್ರ ತೊಟ್ಟಿಯ ಹತ್ತಿರ. ಕೊಟ್ಟಿಗೆ ಬಾಚಿದ ಸಗಣಿಯನ್ನು ಹೆಂಗಸರು, ಮಕ್ಕಳು ಮಂಕರಿಯಲ್ಲಿ ಹೊತ್ತು ತಂದರು. ತೂಕ ಹಾಕಿ ಪುಸ್ತಕದಲ್ಲಿ ಬರೆದುಕೊಂಡರು. ಹೊತ್ತು ತಂದಿದ್ದಕ್ಕೆ ಕಿಲೋಗೆ 2 ಪೈಸೆ. ಚಿಲ್ಲರೆ ಕಾಸೇ ಇರಬಹುದು. ಆದರೆ ಅದು ಸೇರುವುದು ಹೊತ್ತ ಕೈಗೆ.

ಗ್ಯಾಸು ಕೊಟ್ಟಾದ ಮೇಲೆ ಉಳಿಯುವ ಬಗ್ಗಡ ನೀರುನೀರು. ಅದನ್ನು ಮನೆಗೆ ಹೊರುವುದು ಹೇಗೆ? ಮರಳು ಹಾಸಿದ ತೊಟ್ಟಿಗೆ ಅದನ್ನು ಬಿಡುತ್ತಿದ್ದರು. ನೀರು ಇಳಿದು, ಮೇಲೆ ಸಗಣಿಯ ಹದದ ಗೊಬ್ಬರ ನಿಲ್ಲುತ್ತಿತ್ತು. ಇಳಿದ ನೀರನ್ನೂ ಚೆಲ್ಲುತ್ತಿರಲಿಲ್ಲ, ಹೊಸ ಸಗಣಿ ಕಲಸಲು ಅದೇ. ಯಾರು ಎಷ್ಟು ತಂದಿದ್ದರೋ ಆ ಲೆಕ್ಕಕ್ಕೆ ಅವರ ಪಾಲಿನ ಗೊಬ್ಬರ. ಕರೆಂಟಿಗೆ ಅಂತ ಕೊಟ್ಟು ರೈತ ತನ್ನ ತಿಪ್ಪೆಯನ್ನು ಕಳೆದುಕೊಳ್ಳುವ ಹಾಗಿಲ್ಲ. ನನಗೆ ಎಂಜಿನ್ನಿಗಿಂತ ಈ ಮರಳಿನ ತೊಟ್ಟಿಯೇ ಜಾಸ್ತಿ ಇಷ್ಟವಾಯಿತು. ಸಗಣಿ ಹೊರುವವರ ಜೊತೆ ನಾಲ್ಕು ಬೆಳಗು ನಿಂತು ನೋಡದವರಿಗೆ ಇಂಥ ಉಪಾಯ ಹೊಳೆಯುವುದಿಲ್ಲ.

ಹತ್ತೂವರೆಯ ಬಸ್ಸು ಹಿಡಿಯಬೇಕಿತ್ತು. ಮುದ್ದೆ ಬಡಿಸಿದ ತಾಯಿ ಸಗಣಿ ಸುರಿದು, ಅದೇ ಮಂಕರಿಗೆ ಗೊಬ್ಬರ ತುಂಬಿಕೊಂಡು ನನ್ನನ್ನು ಕರೆದರು. "ಒಂದು ಕೈ ಹಿಡಿಯಪ್ಪ." ಎತ್ತಿ ತಲೆಗೆ ಇಟ್ಟೆ. ತಿಪ್ಪೆಯ ತನಕ ಅವರ ಜೊತೆಗೇ ಹೋದೆ.