ಎಸ್‌ಸಿಆರ್7 ಬಾಟಲಿಯಲ್ಲಿ ಇರೋದೇನು?

ಬೆಂಗಳೂರಲ್ಲಿ ಕ್ಯಾನ್ಸರ್‌ಗೆ ಎಸ್‌ಸಿಆರ್7 ಅನ್ನೋ ಔಷಧಿ ಕಂಡುಹಿಡಿದ್ರಂತೆ ಅನ್ನೋ ಫಾರ್ವರ್ಡ್ ನಮ್ಮ ಫ್ಯಾಮಿಲಿ ಗ್ರೂಪಿಗೂ ಆಗಾಗ ಬರ್ತಿರುತ್ತೆ, ಬಂದ ತಕ್ಷಣ ನಮ್ಮ ಚಿಕ್ಕಪ್ಪ "ನೀನು ಕೆಮಿಸ್ಟ್ರಿ ಓದಿದವ್ನಲ್ವೇನೋ, ನಿಜಾನಾ ಹೇಳು" ಅಂತ ನನ್ನ ತಲೆಗೆ ಕಟ್ತಾರೆ. ಉದ್ದ ಉತ್ತರ ಗ್ರೂಪಲ್ಲಿ ಯಾರೂ ಓದಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಐಐಎಸ್‌ಸಿ, ಅಲ್ಲಿನ ಬಯೋಕೆಮಿಸ್ಟ್ರಿ ವಿಭಾಗದ ಸತೀಶ್ ರಾಘವನ್ ಅವರ ಲ್ಯಾಬಿನ ಕಥೆ ಇದು. ಸೆಲ್ ಒಳಗೆ ಡಿಎನ್‌ಎಯ ಎರಡೂ ಎಳೆ ಒಂದೇ ಕಡೆ ತುಂಡಾದ್ರೆ ಸೆಲ್ಲಿಗೆ ಪ್ರಾಣಕ್ಕೇ ಬಂತು ಅಂತ ಅರ್ಥ. ಆಗ ಓಡಿ ಬಂದು ಎರಡೂ ತುದಿ ಹಿಡ್ಕೊಂಡು ಜೋಡಿಸೋ ಪ್ರೋಟೀನ್‌ಗಳ ಒಂದು ತಂಡ ಇದೆ, ಎನ್‌ಎಚ್‌ಇಜೆ ಅಂತಾರೆ, ಹರಿದ ಹಗ್ಗಕ್ಕೆ ಗಂಟು ಹಾಕಿದ ಹಾಗೆ, ಚೂರು ಉದ್ದ ಕಮ್ಮಿ ಆದ್ರೂ ಪರವಾಗಿಲ್ಲ ಕೆಲಸ ಆದ್ರೆ ಸಾಕು. ಕೊನೇ ಬೆಸುಗೆ ಲೈಗೇಸ್ 4 ಅನ್ನೋ ಎನ್‌ಜೈಮಿಂದು. ರೇಡಿಯೇಶನ್ ಕೊಡೋದೇ ಡಿಎನ್‌ಎ ಮುರೀಲಿ ಅಂತ, ಆದ್ರೆ ಕ್ಯಾನ್ಸರ್ ಸೆಲ್ಲೂ ಇದೇ ತಂಡದಿಂದ ರಿಪೇರಿ ಮಾಡಿಸ್ಕೊಂಡು ಬಚಾವಾಗುತ್ತೆ. ಸರಿ, ಬೆಸುಗೆ ಹಾಕೋನನ್ನೇ ಕಟ್ಟಿಹಾಕಿದ್ರೆ?

ಅದೇ ಐಡಿಯಾ. ಲೈಗೇಸ್ 4 ಡಿಎನ್‌ಎ ಹಿಡಿಯೋ ಜಾಗಕ್ಕೆ ಕೂರೋ ಹಾಗೆ ಮಾಲಿಕ್ಯೂಲ್‌ಗಳನ್ನ ಡಿಸೈನ್ ಮಾಡಿದ್ರು, ಪೇಪರಲ್ಲಿ ಕೆಎಲ್‌ಇ ಫಾರ್ಮಸಿ ಕಾಲೇಜಿನ ಕೆಮಿಸ್ಟ್‌ಗಳ ಹೆಸರೂ ಇದೆ. ಅದರಲ್ಲಿ ಎಸ್‌ಸಿಆರ್7 ಕೆಲಸ ಮಾಡ್ತು. ಕೊಟ್ರೆ ಸೆಲ್ ಒಳಗೆ ತುಂಡಾದ ಡಿಎನ್‌ಎ ಹಾಗೇ ಗುಡ್ಡೆ ಬಿದ್ದು ಸೆಲ್ ಸಾಯುತ್ತೆ, ಇಲಿಗಳ ಕೆಲವು ಟ್ಯೂಮರ್‌ಗಳಲ್ಲಿ ಬೆಳವಣಿಗೆ ತಗ್ಗಿತು. 2012ರ ಕೊನೇಲಿ 'ಸೆಲ್' ಜರ್ನಲ್‌ನಲ್ಲಿ ಬಂತು. 2013ರಲ್ಲಿ ರಾಘವನ್ ಅವರಿಗೆ ವಿಜ್ಞಾನಿಗಳಿಗೆ ಕೊಡೋ ಭಟ್ನಾಗರ್ ಪ್ರಶಸ್ತಿ. 2015ರಲ್ಲಿ ಡಿಎನ್‌ಎ ಕತ್ತರಿಸಿ ಜೀನ್ ತಿದ್ದೋ ಕ್ರಿಸ್ಪರ್‌ನವರೂ ಇದನ್ನ ಹಿಡ್ಕೊಂಡ್ರು, ಯಾಕಂದ್ರೆ ಗಂಟು ಹಾಕೋ ರಿಪೇರಿ ನಿಂತ್ರೆ ತಮಗೆ ಬೇಕಾದ ನಿಖರ ಎಡಿಟಿಂಗ್ ಜಾಸ್ತಿ ಆಗುತ್ತೆ ಅಂತ.

ನನಗೆ ನಿಜವಾಗ್ಲೂ ಮಜಾ ಬರೋದು ಇದರ ಮುಂದಿನ ಭಾಗ. 2016ರಲ್ಲಿ ಅಮೆರಿಕದ ಒಂದು ತಂಡ 'ಡಿಎನ್‌ಎ ರಿಪೇರ್' ಜರ್ನಲ್‌ನಲ್ಲಿ ಬರೀತು, ಇದರ ಸ್ಟ್ರಕ್ಚರ್ ನೀವು ಹೇಳಿದ್ದಲ್ಲ, ಲೈಗೇಸ್ 4ನ್ನ ಇದು ಅಷ್ಟು ಬಲವಾಗಿ ತಡೆಯೋದೂ ಇಲ್ಲ, ಅದನ್ನೊಂದೇ ತಡೆಯೋದೂ ಇಲ್ಲ ಅಂತ. ಕೆಮಿಸ್ಟ್ರಿ ಹೀಗಿದೆ ನೋಡಿ: ಮೂಲ ಚಿತ್ರದಲ್ಲಿ ಒಂದು ಪಿರಿಮಿಡಿನ್ ಉಂಗುರ, ಅದಕ್ಕೆ ಬೆಂಜಾಲ್ಡಿಹೈಡ್‌ನಿಂದ ಮಾಡಿದ ಎರಡು ಇಮೀನ್ (ಕಾರ್ಬನ್ನಿಗೂ ನೈಟ್ರೋಜನ್ನಿಗೂ ಡಬಲ್ ಬಾಂಡ್ ಇರೋ ಗುಂಪು), ಅದೂ ಅಕ್ಕಪಕ್ಕದಲ್ಲೇ. ಪಕ್ಕಪಕ್ಕದ ಇಮೀನ್‌ಗಳು ಸುಮ್ನೆ ಕೂರ್ತಾವಾ, ಕೈ ಕೈ ಹಿಡ್ಕೊಂಡು ಇನ್ನೊಂದು ಉಂಗುರ ಆಗ್ಬಿಡ್ತವೆ. ಉಂಗುರ ಆದ್ಮೇಲೂ ಅದೇ ಪರಮಾಣುಗಳು, ತೂಕ ಅದೇ 334, ಅಂದ್ರೆ ಮಾಲಿಕ್ಯೂಲ್ ತೂಕ ಅಳೆಯೋ ಮಾಸ್ ಸ್ಪೆಕ್ ನೋಡಿದ್ರೆ ಏನೂ ಬದಲಾಗಿಲ್ಲ ಅನ್ಸುತ್ತೆ. ಆಮೇಲೆ ಆಕ್ಸಿಡೈಸ್ ಆಗಿ ಎರಡು ಹೈಡ್ರೋಜನ್ ಹೋದ್ರೆ 332, ಅದು ಎಸ್‌ಸಿಆರ್7 ಪೈರಜೀನ್.

ರಾಘವನ್ ತಂಡ 2018ರಲ್ಲಿ ಉತ್ತರ ಕೊಡ್ತು, ಹೌದು ಇದು ತಾನೇ ಉಂಗುರ ಆಗುತ್ತೆ, ಆಕ್ಸಿಡೈಸೂ ಆಗುತ್ತೆ, ಆದ್ರೂ ಆ ಎರಡೂ ರೂಪ ಲೈಗೇಸ್ 4 ಮೂಲಕವೇ ಕ್ಯಾನ್ಸರ್ ಸೆಲ್ ಕೊಲ್ಲುತ್ತೆ ಅಂತ. ಯಾರು ಗೆದ್ರು ಅಂದ್ರೆ, ಸ್ಟ್ರಕ್ಚರ್ ವಿಷಯದಲ್ಲಿ ಅಮೆರಿಕದವರ ಮಾತಲ್ಲಿ ಹುರುಳಿತ್ತು ಅಂತ ನನ್ನ ಲೆಕ್ಕ. ಉಳಿದದ್ದು ಇನ್ನೂ ಎಳೆದಾಟ, ಕ್ರಿಸ್ಪರ್‌ನಲ್ಲೂ ಕೆಲವು ಲ್ಯಾಬಿಗೆ ಪ್ರಯೋಜನ ಕಂಡಿದೆ, ಕೆಲವಕ್ಕೆ ಏನೂ ಕಂಡಿಲ್ಲ. ಇದನ್ನ ಮುಚ್ಚಿಟ್ಟು ಬರೀ 2012ರ ಸುದ್ದೀನೇ ಹಂಚೋದು ಆ ಲ್ಯಾಬಿನವರ ಕೆಲಸಕ್ಕೇ ಅನ್ಯಾಯ ಮಾರಾಯ್ರೆ, ಹೊಡೆದಾಟ ಇರೋದೇ ಅಲ್ಲಿ.

ಚಿಕ್ಕಪ್ಪನಿಗೆ ಹೇಳೋದಿಷ್ಟು: ಎಸ್‌ಸಿಆರ್7 ಮೆಡಿಕಲ್ ಶಾಪಲ್ಲಿ ಸಿಗೋ ಔಷಧಿ ಅಲ್ಲ. ಲೈಗೇಸ್ 4 ನಮಗೂ ಬೇಕು, ಅದಿಲ್ಲದ ಇಲಿಮರಿ ಹುಟ್ಟೋಕ್ಕೆ ಮುಂಚೇನೇ ಸಾಯುತ್ತೆ, ರೋಗನಿರೋಧಕ ಸೆಲ್ ತಯಾರಾಗೋಕೂ ಅದು ಬೇಕು, ಹಾಗಾಗಿ ಡೋಸ್ ಹೊಂದಿಸೋದು ಹುಡುಗಾಟ ಅಲ್ಲ. ಹಾಗಂತ ದಾರಿ ತಪ್ಪು ಅಂತಲ್ಲ, ಡಿಎನ್‌ಎ ರಿಪೇರಿನ ಇನ್ನೊಂದು ಕಡೆಯಿಂದ ತಡೆಯೋ ಓಲಾಪರಿಬ್ ಅನ್ನೋ ಔಷಧಿಗೆ ಅಮೆರಿಕದಲ್ಲಿ 2014ರಲ್ಲೇ ಒಪ್ಪಿಗೆ ಸಿಕ್ಕಿ ಬಿಆರ್‌ಸಿಎ ಅನ್ನೋ ಜೀನಲ್ಲಿ ದೋಷ ಇರೋ ಅಂಡಾಶಯದ ಕ್ಯಾನ್ಸರಿಗೆ ಕೊಡ್ತಿದಾರೆ.

ಲ್ಯಾಬಲ್ಲಿರೋ ತಮ್ಮ ತಂಗಿಯರು ಎಸ್‌ಸಿಆರ್7 ಆರ್ಡರ್ ಮಾಡೋದಾದ್ರೆ ಹೆಸರು ನಂಬ್ಬೇಡಿ, ಕ್ಯಾಟಲಾಗಲ್ಲಿ ತೂಕ 334 ಇದೆಯಾ 332 ಇದೆಯಾ ನೋಡಿ, 334 ಇದ್ರೆ ಉಂಗುರ ಆಗಿದೆಯಾ ಇಲ್ವಾ ತಿಳಿಯೋಕೆ ಸ್ಟ್ರಕ್ಚರ್ ತೋರಿಸೋ ಎನ್‌ಎಮ್‌ಆರ್ ಹಾಕ್ಸಿ.