ಏಳನೇ ನಂಬರಿನ ಇಲಿ

ನಿನ್ನೆ ಏಳನೇ ನಂಬರಿನ ಇಲಿ ಬೆಳಗಲೇ ಇಲ್ಲ. ಮಿಣುಕುಹುಳಕ್ಕೆ ಬೆಳಕು ಕೊಡುವ ಲೂಸಿಫೆರೇಸ್ ಜೀನ್ ಸೇರಿಸಿದ, 4ಟಿ1 ಎಂಬ ಇಲಿಯ ಸ್ತನ ಕ್ಯಾನ್ಸರ್ ಕೋಶಗಳನ್ನು ಅದರಲ್ಲಿ ಬೆಳೆಸಿದ್ದೆವು. ಆ ಬೆಳಕಿಗೆ ಇಂಧನವಾದ ಲೂಸಿಫೆರಿನ್ ಚುಚ್ಚಿ, ಹತ್ತು ನಿಮಿಷ ಕಾದು ಕ್ಯಾಮೆರಾ ಇರುವ ಕತ್ತಲ ಪೆಟ್ಟಿಗೆಯಲ್ಲಿಟ್ಟರೆ ಗಡ್ಡೆ ಕೆಂಪು-ಹಳದಿ ಮಚ್ಚೆಯಾಗಿ ಕಾಣಬೇಕು. (ಬಣ್ಣ ಕಂಪ್ಯೂಟರ್ ಬಳಿದದ್ದು. ನಿಜವಾದ ಬೆಳಕು ಬರಿಗಣ್ಣಿಗೆ ಕಾಣೋದಿಲ್ಲ.)

ಚಿಕಿತ್ಸೆಗೆ ಕೊಟ್ಟಿದ್ದು ಹರ್ಪಿಸ್ ವೈರಸ್ಸಿನ ಥೈಮಿಡಿನ್ ಕೈನೇಸ್ ಜೀನ್. ಅದು ಹೊಕ್ಕ ಕೋಶ ಗ್ಯಾನ್ಸಿಕ್ಲೋವಿರ್ ಔಷಧವನ್ನು ತಾನೇ ವಿಷ ಮಾಡಿಕೊಂಡು ಸಾಯುತ್ತದೆ. ನನಗೆ ಮೋಜೆನಿಸೋದು ಬೇರೆ ಸಂಗತಿ: ಆ ಜೀನ್ ತಯಾರಿಸುವ ಕಿಣ್ವವೇ ಎಫ್‌ಎಚ್‌ಬಿಜಿ ಎಂಬ ವಿಕಿರಣಶೀಲ ಅಣುವನ್ನೂ ಕೋಶದೊಳಗೆ ಹಿಡಿದಿಡುತ್ತದೆ. ಜೀನ್ ಎಲ್ಲಿ ಕೆಲಸ ಮಾಡ್ತಿದೆ ಅಂತ ವಿಕಿರಣ ಹಿಡಿದು ಚಿತ್ರ ಮಾಡುವ ಪೆಟ್ ಸ್ಕ್ಯಾನ್ ತೋರಿಸಿಬಿಡುತ್ತದೆ. ಕೊಲ್ಲುವವನ ಕೈಯಲ್ಲೇ ಲಾಟೀನು! ಆ ಅಣುವಿನಲ್ಲಿರುವ ವಿಕಿರಣಶೀಲ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ಹಾಗಾಗಿ ಸ್ಕ್ಯಾನ್ ದಿನ ಊಟಕ್ಕೂ ಓಟ. ಸ್ಟ್ಯಾನ್‌ಫರ್ಡಿನ ಸ್ಯಾಮ್ ಗಂಭೀರ್ ಅವರ ತಂಡ ಈ ಜೀನ್ ಹೊತ್ತ ಕೋಶಗಳನ್ನು ರೋಗಿಯೊಬ್ಬನ ಮೆದುಳಿನಲ್ಲಿ ಹೀಗೆಯೇ ಕಂಡು 2009ರಲ್ಲಿ ಪ್ರಕಟಿಸಿತ್ತು.

ಏಳನೇ ಇಲಿಗೆ ಬರೋಣ. ಕತ್ತಲೆ ನೋಡಿ ನಾನು ಕುಣಿದೆ, ಗಡ್ಡೆ ಸತ್ತಿತು ಅಂತ. ಗೈಡ್ ಮಾತಾಡದೆ ಅಳತೆಯ ಕ್ಯಾಲಿಪರ್ ಕೈಗಿಟ್ಟರು. ಗಡ್ಡೆ 8 ಮಿಲಿಮೀಟರ್, ಕಳೆದ ವಾರಕ್ಕಿಂತ ದಪ್ಪ. ಬೆಳಕು ಹೋದರೆ ಕೋಶ ಸತ್ತಿರಬಹುದು, ಲೂಸಿಫೆರೇಸ್ ಜೀನ್ ಸುಮ್ಮನಾಗಿರಬಹುದು, ಅಥವಾ ನನ್ನ ಸೂಜಿ ಹೊಟ್ಟೆಯೊಳಗಿನ ಖಾಲಿ ಜಾಗದ ಬದಲು ಕರುಳಿಗೆ ಇಳಿದಿರಬಹುದು.

ಇವತ್ತು ಮತ್ತೆ ಚುಚ್ಚಿದೆ, ನಿಧಾನವಾಗಿ. ಧಗಧಗ ಬೆಳಗಿತು.